ಕಪ್ಪೆ ಎಣಿಸಲು ಹೊರಟ ಮೊಮ್ಮಗಳಿಗೆ

ಹಿಲ್ಲೂರು, ಅಂಕೋಲಾ ತಾಲೂಕು
ಮೃಗಶಿರಾ ಮಳೆ ಹಿಡಿದ ದಿನ

 

ನಿನಗೆ ಕಪ್ಪೆ ಸಮೀಕ್ಷೆಯ ಕೆಲಸ ಸಿಕ್ಕಿದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಹಳ್ಳಗಳಲ್ಲಿ ರಾತ್ರಿ ತಿರುಗಾಟ ಎಂದು ನಿನ್ನ ಆಯಿ ಫೋನು ಮಾಡಿದ್ದಳು. ಹೇಳಿದ್ದಕ್ಕಿಂತ ಅತ್ತದ್ದೇ ಜಾಸ್ತಿ. ಎಂ.ಎಸ್‌ಸಿ. ಓದಿಸಿದ್ದು ಇದಕ್ಕಾ ಎಂಬುದು ಅವಳ ಪ್ರಶ್ನೆ. ಇದಕ್ಕೇ ಮತ್ತೆ ಎಂದೆ. ಫೋನು ಇಟ್ಟುಬಿಟ್ಟಳು. ಎರಡು ದಿನ ಬಿಟ್ಟು ಅವಳೇ ಮಾಡಿ ನಿನ್ನ ವಿಳಾಸ ಕೊಟ್ಟಳು, ಹೆದರಬೇಡ. ನೀನಿರುವ ಊರಲ್ಲಿ ನೆಟ್‌ವರ್ಕ್ ಇಲ್ಲವಂತೆ. ಒಳ್ಳೆಯದೇ ಆಯಿತು. ಫೋನಿನಲ್ಲಿ ನಾನು ಮಾತಾಡಿದರೆ ನೀನು ಹೂಂ ಹೂಂ ಅನ್ನುತ್ತೀಯ, ಕಾಗದವನ್ನಾದರೆ ಮಳೆ ಹೊಯ್ಯುವ ಮಧ್ಯಾಹ್ನ ಎರಡನೇ ಸಲವೂ ಓದುತ್ತೀಯ.

ಊರಲ್ಲಿ ಸುದ್ದಿ ಹಬ್ಬಿದೆ. ಹಾಲಿನ ಡೇರಿಯ ಹತ್ತಿರ ನನ್ನನ್ನು ತಡೆದು, ಮಾಸ್ತರೇ, ಕಪ್ಪೆ ಎಣಿಸಲಿಕ್ಕೂ ಸಂಬಳ ಕೊಡುತ್ತಾರಾ, ನಮ್ಮ ಗದ್ದೆಗೇ ಬರಲಿ, ಬೇಕಾದಷ್ಟಿವೆ ಎಂದು ನಗುತ್ತಾರೆ. ನಗಲಿ ಬಿಡು. ಹುಲಿಗಾದರೆ ನಮ್ಮಲ್ಲಿ ಹುಲಿದೇವರ ಬನ ಉಂಟು, ಕಾಳಿ ಹುಲಿ ಸಂರಕ್ಷಿತ ಪ್ರದೇಶ ಉಂಟು, 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶವಿಡೀ ಗಣತಿ ಉಂಟು. ಕಪ್ಪೆಗೆ, ಬಾವಲಿಗೆ, ಶಂಖದ ಹುಳಕ್ಕೆ ಯಾರಿದ್ದಾರೆ? ಬಾವಲಿಯ ಪಾಡು ಕೇಳು. 1972ರ ವನ್ಯಜೀವಿ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಇಲಿಗಳ ಸಾಲಿಗೆ ಹಣ್ಣು ತಿನ್ನುವ ಬಾವಲಿಯನ್ನೂ ಸೇರಿಸಿ ಪೀಡಕ ಎಂದು ಬರೆದಿದ್ದರು. ಕೊಂದರೆ ಕೇಳುವವರಿಲ್ಲ ಎಂದು ಅದರ ಅರ್ಥ. ಕಾಡಿನಲ್ಲಿ ಬೀಜ ಬಿತ್ತುವ ಪ್ರಾಣಿ ಐವತ್ತು ವರ್ಷ ಆ ಪಟ್ಟಿಯಲ್ಲೇ ಕೂತಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದರು. ಬೇಟೆಗಾರನಿಗೂ ಬೇಡ, ಪ್ರವಾಸಿಗೂ ಬೇಡ ಎಂಬಂಥ ಜೀವಿಗಳ ಲೆಕ್ಕ ಇಡುವವರು ಕಡಿಮೆ. ಆ ಕಡಿಮೆಯವರಲ್ಲಿ ನಮ್ಮ ಮನೆಯ ಹುಡುಗಿಯೂ ಒಬ್ಬಳು ಎಂದು ನನಗೆ ಹೆಮ್ಮೆಯೇ ಆಗಿದೆ, ಡೇರಿಯವರು ಏನಾದರೂ ಅನ್ನಲಿ.

ಈ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಹಳೆಯ ವಂಶಾವಳಿ ಇದೆ. ನಿನಗೆ ಕಾಲೇಜಿನಲ್ಲಿ ಹೇಳಿದ್ದಾರೋ ಇಲ್ಲವೋ. ಬ್ರಿಟಿಷರ ಕಾಲದಲ್ಲಿ ಉಪ್ಪು ಮತ್ತು ಸುಂಕದ ಇಲಾಖೆಯಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಎಂಬ ಅಧಿಕಾರಿ ಇದ್ದ. ಕಾರವಾರದ ಕಡೆ ಕೆಲಸ ಮಾಡುತ್ತ ಹುಳ, ಹಕ್ಕಿ, ಇಲಿಗಳ ಮೇಲೆ ಬಲು ತಮಾಷೆಯಾಗಿ ಬರೆಯುತ್ತಿದ್ದ. ಒಂದು ಜಾತಿಯ ಅನಾಫಿಲಿಸ್ ಸೊಳ್ಳೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ. ನಮ್ಮ ಮಳೆಗಾಲ ಕಂಡವನಿಗೆ ಸರಿಯಾದ ಸನ್ಮಾನ. ಜೊತೆಗೆ ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್, ಕಾಡಿನ ಇಲಾಖೆಯ ಟಿ.ಆರ್. ಬೆಲ್. ಈ ಮೂವರೂ ಸೇರಿ ಉತ್ತರ ಕನ್ನಡದ ಪಾತರಗಿತ್ತಿಗಳ ಬಗ್ಗೆ ಮುಂಬೈಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ವರ್ಷಗಟ್ಟಲೆ ಬರೆದರು. ಬಲೆ ಬೀಸಿ ಹಿಡಿದು ಸೂಜಿ ಚುಚ್ಚಿಟ್ಟರೆ ಮುಗಿಯಿತು ಎನ್ನುವ ಜನ ಅವರಲ್ಲ. ಕಂಬಳಿಹುಳ ತಂದು, ಅದು ಯಾವ ಗಿಡದ ಎಲೆ ತಿನ್ನುತ್ತದೆಂದು ನೋಡಿ, ಅದನ್ನೇ ಹಾಕಿ ಸಾಕಿ, ಗೂಡು ಕಟ್ಟಿ ರೆಕ್ಕೆ ಬಿಡಿಸಿಕೊಂಡು ಹೊರಬರುವ ತನಕ ಕಾದು ಬರೆದರು. ಬೆಲ್ ಅಂತೂ ನಿವೃತ್ತಿಯಾದ ಮೇಲೂ ಊರಿಗೆ ಹೋಗಲಿಲ್ಲ. ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲಿಯೇ ತೀರಿಕೊಂಡ.

ಡೇವಿಡ್ಸನ್ 1898ರಲ್ಲಿ ಉತ್ತರ ಕನ್ನಡದ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಓದಲು ಕೂತರೆ ಆಕಳಿಕೆ ಬರುತ್ತದೆ. ಈ ಹಕ್ಕಿ ಘಟ್ಟದ ಮೇಲೆ ಸಾಮಾನ್ಯ, ಆ ಹಕ್ಕಿ ಕರಾವಳಿಯಲ್ಲಿ ವಿರಳ, ಗೂಡು ಇಂಥ ತಿಂಗಳಲ್ಲಿ. ಅಷ್ಟೇ. ಆದರೆ ತೊಂಬತ್ತು ವರ್ಷದ ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ರಂಜಿತ್ ಡೇನಿಯಲ್ಸ್ ನಮ್ಮ ಜಿಲ್ಲೆಯ ಕಾಡು, ತೋಟ, ಬೆಟ್ಟ ಸುತ್ತಿ ಹಕ್ಕಿಗಳ ಲೆಕ್ಕ ಮಾಡಿದರು. 1990ರಲ್ಲಿ ಅವರು, ಎನ್.ವಿ. ಜೋಶಿ ಮತ್ತು ಮಾಧವ ಗಾಡ್ಗೀಳ್ ಸೇರಿ, ಒಂದು ಶತಮಾನದಲ್ಲಿ ಇಲ್ಲಿಯ ನೆಲದ ಬಳಕೆ ಬದಲಾದಂತೆ ಹಕ್ಕಿಗಳು ಹೇಗೆ ಬದಲಾದವು ಎಂದು ಬರೆದರು. ಹಿಂದಿನವರು ಬರೆದಿಟ್ಟಿದ್ದರಿಂದ ತಾನೇ ಅಂಥದ್ದೊಂದು ಪ್ರಶ್ನೆ ಕೇಳಲಿಕ್ಕಾದದ್ದು? ಆ ಕಾಲದಲ್ಲಿ ಆ ಸಂಸ್ಥೆಯ ಕುಮಟೆಯ ಕೇಂದ್ರದಿಂದ ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದ ಹುಡುಗರನ್ನು ನಾನು ಕಂಡಿದ್ದೇನೆ. ಕಂಬದಂತೆ ನಿಂತು ಮರ ನೋಡುವುದು, ಪುಸ್ತಕದಲ್ಲಿ ಗೀಚುವುದು, ಹತ್ತು ಹೆಜ್ಜೆ ನಡೆಯುವುದು, ಮತ್ತೆ ನಿಲ್ಲುವುದು. ಮಕ್ಕಳು ಅವರ ಹಿಂದೆ ಸಾಲು ಹಿಡಿದು ಹೋಗುತ್ತಿದ್ದವು, ಶಾಲೆಗೆ ಹಾಜರಿ ಇಲ್ಲ.

ಹಾಗಾಗಿ ನಾನು ನಿನಗೆ ಹೇಳುವುದು ಇಷ್ಟೇ: ನೀನು ಬರೆಯುತ್ತಿರುವುದು ಈ ವರ್ಷದ ವರದಿಗೆಂದು ತಿಳಿಯಬೇಡ. ಇನ್ನೂ ಹುಟ್ಟದ ಯಾರೋ ಒಬ್ಬರು ನಿನ್ನ ಪುಸ್ತಕ ಬಿಚ್ಚುತ್ತಾರೆ. ಅವರಿಗೆ ನಿನ್ನ ಉತ್ಸಾಹ ಬೇಡ, ಫೋಟೋ ಕೂಡ ಅಷ್ಟಾಗಿ ಬೇಡ. ಯಾವ ಹಳ್ಳ, ಎಷ್ಟು ಗಂಟೆಗೆ ಇಳಿದೆ, ಎಷ್ಟು ಗಂಟೆಗೆ ಹತ್ತಿದೆ, ಜೊತೆಗೆ ಯಾರಿದ್ದರು, ಮಳೆ ಇತ್ತೇ, ಬೆಳದಿಂಗಳು ಇತ್ತೇ, ಕಂಡದ್ದು ಯಾವುದು, ಬರಿ ಕಿವಿಗೆ ಬಿದ್ದದ್ದು ಯಾವುದು. ಇವು ಬೇಕು. ಏನೂ ಸಿಗದ ರಾತ್ರಿ ಅದನ್ನೂ ಬರೆ. ಮೂರು ತಾಸು ಹಳ್ಳದಲ್ಲಿ ನೆನೆದು ಬಂದವರಿಗೆ 'ಇಲ್ಲ' ಎಂದು ಬರೆಯಲು ಮನಸ್ಸು ಬರುವುದಿಲ್ಲ, ಪುಟವನ್ನೇ ಖಾಲಿ ಬಿಡುತ್ತಾರೆ. ಮುಂದೆ ನೋಡುವವನಿಗೆ ಆ ರಾತ್ರಿ ಕಪ್ಪೆ ಇರಲಿಲ್ಲವೋ, ನೀನೇ ಹೋಗಲಿಲ್ಲವೋ ಹೇಗೆ ತಿಳಿಯಬೇಕು? ಹಾಜರಿ ಪುಸ್ತಕ ಜೀವಮಾನವಿಡೀ ಬರೆದ ಮಾಸ್ತರ ನಾನು, ಗೈರುಹಾಜರಿಯ ಗುರುತಿಲ್ಲದ ಪುಸ್ತಕಕ್ಕೆ ಕವಡೆ ಬೆಲೆಯಿಲ್ಲ ಎಂಬುದು ನನಗೆ ಗೊತ್ತು. ಮತ್ತೆ, ಹಳ್ಳದ ದಂಡೆಯಲ್ಲೇ ಬರೆದು ಮುಗಿಸು. ಬಿಡಾರಕ್ಕೆ ಬಂದು ಬಿಸಿ ಗಂಜಿ ಉಂಡ ಮೇಲೆ ನೆನಪು ತನಗೆ ಬೇಕಾದ ಕಪ್ಪೆಯನ್ನೆಲ್ಲ ಸೇರಿಸಿಕೊಳ್ಳುತ್ತದೆ. ಪೆನ್ನು ಬೇಡ, ಪೆನ್ಸಿಲ್ ಇರಲಿ. ಶಾಯಿ ಆರ್ದ್ರಾ ಮಳೆಗೆ ನಿಲ್ಲುವುದಿಲ್ಲ.

ನೀನು ಕತ್ತಲೆಕಾನಿಗೂ ಹೋಗುತ್ತೀಯಂತೆ. ಸಿದ್ದಾಪುರ ತಾಲೂಕಿನ ಆ ರಾಮಪತ್ರೆ ಜಡ್ಡಿಯಲ್ಲಿ ಮರದ ಬೇರುಗಳು ಕೆಸರಿನಿಂದ ಮೇಲೆದ್ದು ಮಡಿಚಿದ ಮಂಡಿಯ ಹಾಗೆ ಕಾಣುತ್ತವೆ, ಕಾಲು ನೋಡಿ ಇಡು. ಅಲ್ಲಿಂದಲೇ 2014ರಲ್ಲಿ ಗುರುರಾಜ ಕೆ.ವಿ., ದಿನೇಶ್ ಕೆ.ಪಿ., ಪ್ರೀತಿ ಎಚ್. ಮತ್ತು ರವಿಕಾಂತ್ ಜಿ. ಕುಂಬಾರ ಕಪ್ಪೆಯನ್ನು ಲೋಕಕ್ಕೆ ಪರಿಚಯಿಸಿದ್ದು. ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಹಿಂದೆ ಉಳಿದು, ಹಳ್ಳದ ತಳದಿಂದ ಮುಂಗಾಲಿನಲ್ಲಿ ಕೆಸರು ಬಾಚಿ ತಂದು, ಮೊಟ್ಟೆಯ ಮೇಲೆ ಮೆತ್ತಿ ಮೆತ್ತಿ ಮುಚ್ಚುತ್ತದೆ. ಕಪ್ಪೆಯೊಂದು ಹೀಗೆ ಮಣ್ಣಿನ ಕೆಲಸ ಮಾಡುತ್ತದೆ ಎಂದು ಅದಕ್ಕೆ ಮೊದಲು ಯಾವ ಪುಸ್ತಕದಲ್ಲೂ ಇರಲಿಲ್ಲ. ರಾತ್ರಿ ದೀಪ ಹಿಡಿದು ಹಳ್ಳದಲ್ಲಿ ಕೂತವರಿಗೆ ಮಾತ್ರ ಕಾಣುವ ಸಂಗತಿ ಅದು.

ಅಷ್ಟು ದೂರ ಹೋಗುವ ಮೊದಲು ನಮ್ಮ ತೋಟದ ಕೆರೆಯದ್ದನ್ನೊಮ್ಮೆ ನೆನಪು ಮಾಡಿಕೋ. ನೀನು ಮೂರನೇ ಇಯತ್ತೆಯಲ್ಲಿದ್ದಾಗ ಕೆರೆಯ ಮೇಲೆ ಬಾಗಿದ ಮುರುಗಲ ಮರದ ಎಲೆಗಳ ನಡುವೆ ಸೋಪಿನ ನೊರೆಯಂಥದ್ದು ಅಂಟಿತ್ತಲ್ಲ. ಯಾರೋ ಉಗುಳಿದ್ದಾರೆ ಎಂದು ನೀನು ಮೂಗು ಮುಚ್ಚಿಕೊಂಡಿದ್ದೆ. ಅದು ಹಾರುಗಪ್ಪೆಯ ಗೂಡು. ರಾತ್ರಿ ದೊಡ್ಡ ಹಸಿರು ಹೆಣ್ಣು, ಬೆನ್ನ ಮೇಲೆ ಸಣ್ಣ ಗಂಡನ್ನು ಹೊತ್ತುಕೊಂಡು ಬಂದು, ತನ್ನ ಮೈಯ ಅಂಟನ್ನೇ ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸಿ, ಒಳಗೆ ಮೊಟ್ಟೆ ಇಟ್ಟು, ಅಕ್ಕಪಕ್ಕದ ಎಲೆ ಎಳೆದು ಮುಚ್ಚಿ ಹೋಗಿತ್ತು. ಬೆಳಿಗ್ಗೆ ನೋಡುವಾಗ ಮೇಲಿನ ನೊರೆ ಒಣಗಿ ಹಪ್ಪಳೆಗಟ್ಟಿತ್ತು, ಒಳಗೆ ಮಾತ್ರ ಹಸಿ. ವಾರದೊಳಗೆ ಒಳಗೇ ಏನೋ ಮಿಸುಕಲು ಶುರುವಾಯಿತು. ಒಂದು ಜೋರು ಮಳೆಗೆ ನೊರೆಯ ಅಡಿ ಕರಗಿ ಗೊದಮೊಟ್ಟೆಗಳು ಒಂದೊಂದೇ ತೊಟ್ಟಿಕ್ಕಿ ಕೆರೆಗೆ ಬಿದ್ದವು. ನೀನು ಕೊಡೆ ಬಿಸಾಕಿ ನೋಡುತ್ತ ನಿಂತವಳು ಮೂರು ದಿನ ಜ್ವರ ಮಲಗಿದೆ. ನಿನ್ನ ಅಜ್ಜಿ ನನ್ನನ್ನು ಇನ್ನೂ ಬೈಯುತ್ತಾಳೆ.

ಆ ಕೆರೆಯಲ್ಲಿ ಈಗ ಗೂಡು ಅಪರೂಪ. ಕಾರಣ ಹುಡುಕಲು ನಾನು ವಿಜ್ಞಾನಿಯಲ್ಲ, ಆದರೆ ಒಂದು ಸಂಶಯ ಹೇಳುತ್ತೇನೆ. ಅಡಿಕೆಗೆ ಕೊಳೆ ರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿ ಮಳೆಗಾಲದ ಬಾಯಲ್ಲಿ ಹೊಡೆಯುತ್ತೇವೆ. ಮಳೆ ಹಿಡಿದರೆ ಇನ್ನೊಮ್ಮೆ. ಅದು ತೊಳೆದು ಹೋಗುವುದು ಎಲ್ಲಿಗೆ, ಕೆರೆಗೆ, ಹಳ್ಳಕ್ಕೆ. ತಾಮ್ರ ಗೊದಮೊಟ್ಟೆಗೆ ಆಗಿಬರುವ ಪದಾರ್ಥವಲ್ಲ. ಬಿಡುವ ಹಾಗೂ ಇಲ್ಲ, ಬಿಟ್ಟರೆ ಕೊನೆಗೆ ಕೊನೆಯೇ ಉದುರುತ್ತದೆ. ನಿಮ್ಮ ನಮೂನೆಯಲ್ಲಿ ಇದಕ್ಕೊಂದು ಕಾಲಂ ಇದೆಯೋ ಗೊತ್ತಿಲ್ಲ. ಇಲ್ಲದಿದ್ದರೆ ಅಂಚಿನಲ್ಲಿ ಬರೆ: ಮೇಲಿನ ತೋಟಕ್ಕೆ ಔಷಧಿ ಹೊಡೆದದ್ದು ಯಾವ ದಿನ. ತೋಟದವರನ್ನು ಕೇಳಿದರೆ ಹೇಳುತ್ತಾರೆ, ಕೇಳುವ ರೀತಿಯಲ್ಲಿ ಕೇಳಬೇಕು.

ಈ ಕೇಳುವ ರೀತಿಯ ಬಗ್ಗೆ ನಾಲ್ಕು ಮಾತು ಹೆಚ್ಚು ಬರೆಯುತ್ತೇನೆ, ಸಹಿಸಿಕೋ. ನಿಮ್ಮ ತಂಡದ ಬೇರೆ ಊರಿನ ಹುಡುಗರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲಿ ಸರ್ವೆಯವರು ಬಂದಿದ್ದಾರೆ ಎಂದರೆ ಜನರ ಎದೆ ಧಸಕ್ಕೆನ್ನುತ್ತದೆ. ಅದಕ್ಕೆ ಕಾರಣವಿದೆ. ಅರ್ಗಾ, ಬಿಣಗಾದ ಕಡೆಯವರು ಸೀಬರ್ಡ್ ನೌಕಾನೆಲೆಗೆ ಮನೆ ಬಿಟ್ಟದ್ದು ಮೊದಲು ಯಾರೋ ಬಂದು ಅಳತೆ ಮಾಡಿದ ಮೇಲೆಯೇ. 1986ರಲ್ಲಿ ಶಂಕುಸ್ಥಾಪನೆ, ಆಮೇಲಿನ ಅಲೆದಾಟ ಒಂದು ತಲೆಮಾರು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು, ದಂಡೆಗೆ ಕೈಗಾ ಅಣುಸ್ಥಾವರ. ನಮ್ಮ ಗಂಗಾವಳಿ ಘಟ್ಟದ ಮೇಲೆ ಬೇಡ್ತಿ ಎಂಬ ಹೆಸರಿನಲ್ಲಿ ಹರಿಯುವಲ್ಲೂ ಅಣೆಕಟ್ಟಿನ ಅಳತೆಯಾಗಿತ್ತು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಎರಡು ದಶಕ ದಾಟಿತು. ಎಣಿಸುವವರ ಬೆನ್ನಿಗೇ ಒಯ್ಯುವವರು ಬರುತ್ತಾರೆ ಎಂದು ಕಂಡುಂಡ ಜನ ನಾವು. ನೀನು ಸಂಜೆ ಹೊತ್ತು ಜಿ.ಪಿ.ಎಸ್. ಹಿಡಿದು ಹಳ್ಳಕ್ಕೆ ಇಳಿದರೆ, ಕಪ್ಪೆಗೆಂದು ಹೇಳಿದರೆ ಯಾರು ನಂಬುತ್ತಾರೆ?

ಅದೇ ಬೇಡ್ತಿಯ ಕಥೆಗೆ ಇನ್ನೊಂದು ಮುಖವೂ ಇದೆ. 1981ರಲ್ಲಿ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ನಮ್ಮ ಟಿ.ಎಸ್.ಎಸ್., ದೇಶದ ತಜ್ಞರನ್ನೆಲ್ಲ ಕರೆಸಿ ಆ ಅಣೆಕಟ್ಟಿನ ಲಾಭ ನಷ್ಟದ ಲೆಕ್ಕವನ್ನು ಬಹಿರಂಗವಾಗಿ ಇಟ್ಟಿತು. ಮುಳುಗುವ ತೋಟ ಎಷ್ಟು, ಕಾಡು ಎಷ್ಟು, ಬರುವ ವಿದ್ಯುತ್ತು ಎಷ್ಟು. ಯೋಜನೆ ಹಿಂದೆ ಬಿತ್ತು. ಮುಂದೆ 2011ರಲ್ಲಿ ಅದೇ ಬೇಡ್ತಿಯ ಕಣಿವೆ ಮಂಗಟ್ಟೆ ಹಕ್ಕಿಗಳಿಗೆಂದು ಸಂರಕ್ಷಣಾ ಮೀಸಲು ಆಯಿತು. ಅಘನಾಶಿನಿ ಕಣಿವೆಯದ್ದೂ ಹಾಗೇ. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್, ಎಚ್.ಎನ್. ಕುಮಾರ ಮೊದಲಾದವರು ಶಿರಸಿ–ಹೊನ್ನಾವರದ ಕಾಡಿನಲ್ಲಿ ನಡೆದು ಸಿಂಗಳೀಕದ ಗುಂಪುಗಳನ್ನು ಎಣಿಸಿದರು. 2011ರಲ್ಲಿ ಸುಮಾರು 300 ಚದರ ಕಿಲೋಮೀಟರು ಸಂರಕ್ಷಣಾ ಮೀಸಲಾಯಿತು, 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿತು. ಲೆಕ್ಕ ಊರನ್ನು ಕೆಡಿಸಿದ್ದೂ ಇದೆ, ಕಾಡನ್ನು ಕಾಯ್ದದ್ದೂ ಇದೆ. ಅಭಯಾರಣ್ಯವೆಂದರೂ ಒಳಗಿನ ಮನೆಯವರಿಗೆ ಹೆದರಿಕೆಯೇ, ಅದನ್ನೂ ಮರೆಯಬೇಡ.

ಆದ್ದರಿಂದ ಯಾವ ಕೇರಿಗೆ ಹೋದರೂ ಹಗಲಲ್ಲೇ ಮೊದಲು ಹೋಗು. ಅಂಗಳದಲ್ಲಿ ಕೂತು ಬೆಲ್ಲ ನೀರು ಕುಡಿ, ಯಾರ ಮಗಳು, ಯಾವ ಊರು ಎಂದು ಕೇಳುತ್ತಾರೆ, ಹೇಳು. ಹಿಲ್ಲೂರು ಎಂದರೆ ಅಲ್ಲೊಬ್ಬರು ನೆಂಟರು ಹುಟ್ಟಿಯೇ ಹುಟ್ಟುತ್ತಾರೆ. ಅರಣ್ಯ ಇಲಾಖೆಯ ಪರವಾನಗಿ ಪತ್ರದ ಪ್ರತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಇಟ್ಟುಕೋ, ಆದರೆ ಅದನ್ನು ಗಾರ್ಡಿಗೆ ತೋರಿಸು, ಅಜ್ಜಿಗೆ ತೋರಿಸಬೇಡ. ಸರಕಾರದ ಕಾಗದ ಕಂಡರೆ ಬಾಯಿ ಮುಚ್ಚುತ್ತದೆ. ಕೆಲಸ ಮುಗಿಸಿ ಹೊರಡುವ ದಿನ ಅದೇ ಅಂಗಳದಲ್ಲಿ ಕೂತು ನಿನ್ನ ಪಟ್ಟಿಯನ್ನು ಓದಿ ಹೇಳು, ನಿಮ್ಮ ಹಳ್ಳದಲ್ಲಿ ಇಂತಿಂಥವು ಇವೆ ಎಂದು. ಅವರು ಅದರಲ್ಲಿ ತಪ್ಪು ತೆಗೆಯುತ್ತಾರೆ, ಬಿಟ್ಟುಹೋದದ್ದು ಹೇಳುತ್ತಾರೆ. ಆಗ ನಿನಗೆ ಇನ್ನೊಂದು ರಾತ್ರಿ ಹಳ್ಳಕ್ಕೆ ಇಳಿಯುವ ಕೆಲಸ ಬೀಳುತ್ತದೆ. ಇಳಿ. ಒಂದನ್ನು ಮಾತ್ರ ಯಾರಿಗೂ ಹೇಳಬೇಡ. ಗದ್ದೆಯ ದೊಡ್ಡ ಹಳದಿ ಕಪ್ಪೆಗಳು ಎಲ್ಲಿ ಸೇರುತ್ತವೆ ಎಂಬುದು. ಕಪ್ಪೆ ಕಾಲು ರಫ್ತನ್ನು 1987ರಲ್ಲೇ ನಿಲ್ಲಿಸಿದರು, ಆದರೆ ಗಡಿಯಾಚೆ ಅದಕ್ಕೆ ಗಿರಾಕಿ ಇನ್ನೂ ಇದ್ದಾರೆ.

ಹೊನ್ನಳ್ಳಿಯ ತುಳಸಿ ಗೌಡರು ನಿನಗೆ ಗೊತ್ತಲ್ಲ. ಶಾಲೆಯ ಮೆಟ್ಟಿಲು ಹತ್ತದೆ ಕಾಡಿನ ನರ್ಸರಿಯಲ್ಲಿ ದುಡಿದವರು, ಯಾವ ಮರದ ಬೀಜ ಯಾವಾಗ ಆರಿಸಬೇಕು ಎಂದು ಅಧಿಕಾರಿಗಳೂ ಅವರನ್ನು ಕೇಳುತ್ತಿದ್ದರು. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡು ಬಂದರು. 2024ರ ಡಿಸೆಂಬರಿನಲ್ಲಿ ಹೋದರು. ಅವರ ಹೆಸರು ದೇಶಕ್ಕೆ ತಿಳಿಯಿತು, ಆದರೆ ನಿನ್ನ ಹಾಗೆ ಬಂದವರಿಗೆ ಹಳ್ಳ ತೋರಿಸಿದ, ಕತ್ತಿ ಹಿಡಿದು ಮುಂದೆ ನಡೆದ ಹಾಲಕ್ಕಿಗಳು, ಸಿದ್ದಿಗಳು, ಗೌಳಿಗಳು ಎಷ್ಟು ಮಂದಿ? ಹಳೇ ಸಾಹೇಬರ ಪಟ್ಟಿಗಳಲ್ಲಿ ಮರ ಹತ್ತಿ ಗೂಡು ಇಳಿಸಿದವನ ಹೆಸರು ನಾನು ಓದಿದಷ್ಟರಲ್ಲಿ ಕಾಣಲಿಲ್ಲ. ನಿನ್ನ ಪುಸ್ತಕದಲ್ಲಿ ತಾರೀಕಿನ ಪಕ್ಕಕ್ಕೆ ಜೊತೆಯವರ ಪೂರ್ತಿ ಹೆಸರು ಬರೆ, ಅವರನ್ನೇ ಕೇಳಿ, ಅವರು ಹೇಳಿದ ಹಾಗೆ.

ಇನ್ನು ಜೀವದ ಜೋಪಾನ. ಉಂಬಳಕ್ಕೆ ಹೆದರುವವಳಲ್ಲ ನೀನು, ಹೊಗೆಸೊಪ್ಪಿನ ನೀರು ಕಾಲಿಗೆ ಸವರು, ಆದರೆ ಕೈಗೆ ತಾಗಿದ್ದರೆ ಕಪ್ಪೆ ಮುಟ್ಟಬೇಡ, ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ಹಳ್ಳದ ಪಕ್ಕದ ತಗ್ಗಿನ ಕೊಂಬೆ ಹಿಡಿಯುವ ಮೊದಲು ದೀಪ ಹಾಕು. ಗುಳಿಮಂಡಲ ಹಾವು ಅಲ್ಲೇ ಸುರುಳಿ ಸುತ್ತಿ ಕೂತಿರುತ್ತದೆ. ಅದೂ ರಾತ್ರಿ ಕಪ್ಪೆ ಹುಡುಕಲಿಕ್ಕೇ ಬಂದದ್ದು, ನಿನಗಿಂತ ತಾಳ್ಮೆ ಹೆಚ್ಚು. ಹಳ್ಳದ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿ ಕಸ ಕಡ್ಡಿ ತೇಲಿಬಂದರೆ ಮೇಲೆ ಮಳೆ ಹೊಡೆದಿದೆ ಎಂದು ತಿಳಿ. ಅರ್ಧ ಮಾಡಿದ ಕೆಲಸ ಅಲ್ಲೇ ಬಿಟ್ಟು ದಂಡೆ ಹತ್ತು. 2021ರಲ್ಲಿ ಕಳಚೆಯ ಗುಡ್ಡ ಜಾರಿದ್ದು, 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಂದು ಗಂಗಾವಳಿಗೆ ಬಿದ್ದದ್ದು ನಿನಗೆ ಹೇಳಿಕೊಡಬೇಕಾಗಿಲ್ಲ. ಗುಡ್ಡ ಸೀಳಿದ ಗುರುತು, ಹೊಸ ಜಲ ಒಡೆದದ್ದು ಕಂಡಲ್ಲಿ ಬಿಡಾರ ಮಾಡಬೇಡಿ, ಸಾಹೇಬರು ಹೇಳಿದರೂ. ಸಮೀಕ್ಷೆ ಬೇಸಿಗೆಗೆ ಮುಂದುವರಿದರೆ ಉಣುಗಿನ ಕಾಲ, ಮಂಗನ ಕಾಯಿಲೆಯ ಕಾಲ. ಕಾಡಲ್ಲಿ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸು.

ಹಂಗಾಮಿ ಕೆಲಸ, ಸೆಪ್ಟೆಂಬರಿಗೆ ಮುಗಿಯುತ್ತದೆ, ಮುಂದೇನು ಎಂಬ ಚಿಂತೆ ನಿನ್ನ ಆಯಿಗೆ. ನನಗೂ ಇಲ್ಲವೆಂದಲ್ಲ. ಇಂಥ ಕೆಲಸಕ್ಕೆ ನಮ್ಮಲ್ಲಿ ಖಾಯಂ ನೌಕರಿ ಬೆರಳೆಣಿಕೆ, ಸಂಬಳ ತಡವಾಗುತ್ತದೆ, ಪಿಂಚಣಿ ಮಾತೇ ಇಲ್ಲ. ಸರಕಾರಿ ಪರೀಕ್ಷೆಯ ಅರ್ಜಿ ತುಂಬುವುದಿದ್ದರೆ ತುಂಬು, ನಾನು ಬೇಡವೆನ್ನುವುದಿಲ್ಲ. ಆದರೆ ಪರೀಕ್ಷೆಯ ಪುಸ್ತಕ ಹಳ್ಳಕ್ಕೆ ಒಯ್ಯಬೇಡ. ಎರಡೂ ಕೆಡುತ್ತವೆ.

ಅಚವೆಯ ಕಡೆ, ವಿಭೂತಿ ಜಲಪಾತದ ಹಳ್ಳಕ್ಕೆ ನಿಮ್ಮ ತಂಡ ಬರುವುದಿದ್ದರೆ ನಮ್ಮ ಮನೆಯಲ್ಲೇ ಇಳಿಯಲಿ. ಜಗುಲಿ ದೊಡ್ಡದಿದೆ, ಒದ್ದೆ ಬಟ್ಟೆ ಒಣಗಿಸಲು ಅಟ್ಟದಲ್ಲಿ ಹೊಗೆ ಇದೆ, ಅಜ್ಜಿ ಕಳಲೆ ಉಪ್ಪಿನಲ್ಲಿ ಹಾಕಿದ್ದಾಳೆ. ನಾನು ಹಳ್ಳಕ್ಕೆ ಇಳಿಯುವುದಿಲ್ಲ, ಮೊಣಕಾಲು ಕೇಳುವುದಿಲ್ಲ. ದಂಡೆಯಲ್ಲಿ ಕೊಡೆ ಹಿಡಿದು ಕೂತು ನೀನು ಕೂಗಿ ಹೇಳಿದ್ದನ್ನು ಬರೆದುಕೊಳ್ಳಬಲ್ಲೆ. ಅಕ್ಷರ ಇನ್ನೂ ದುಂಡಗಿದೆ.

ಇತಿ ನಿನ್ನ
ಅಜ್ಜ

ತಾ.ಕ.: ಅಂಕೋಲೆಯಿಂದ ಬರುವ ಹುಡುಗನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಹಳೇ ಧೋತರದ ದಪ್ಪ ಬಟ್ಟೆಯಲ್ಲಿ ಅಜ್ಜಿ ಉಂಬಳಕ್ಕೆಂದು ಹೊಲಿದ ಎರಡು ಜೊತೆ ಕಾಲುಚೀಲ, ಪೆನ್ಸಿಲ್ ಒಂದು ಡಜನ್, ಅಪ್ಪೆಮಿಡಿ ಸಣ್ಣ ಭರಣಿ. ಭರಣಿ ವಾಪಸು ಬೇಕಂತೆ.